ಸಂಶೋಧನೆಯ ಲೆಕ್ಕವನ್ನು ಜನರ ಮುಂದಿಡಿ: ಉನ್ನತ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ಪ್ರತಿ: ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ.

ವಿಷಯ: ಅನುದಾನ ಮತ್ತು ಶ್ರೇಣಿಗಾಗಿ ಕಾಲೇಜು, ವಿಶ್ವವಿದ್ಯಾಲಯಗಳು ಕೊಡುವ ಸಂಶೋಧನಾ ಮಾಹಿತಿಯನ್ನು ಸಲ್ಲಿಸುವ ಮೊದಲೇ ಸಾರ್ವಜನಿಕರ ಮುಂದಿಡುವ ಬಗ್ಗೆ.

ಮಾನ್ಯರೇ,

ನಾನು ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ. ಮಂಡ್ಯ ಜಿಲ್ಲೆಯಲ್ಲೂ ಮೈಸೂರಿನಲ್ಲೂ ಪಾಠ ಮಾಡಿದ್ದೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ನ್ಯಾಕ್ ಮತ್ತು ಎನ್‌ಐಆರ್‌ಎಫ್‌ಗೆ ಮಾಹಿತಿ ಸಿದ್ಧಪಡಿಸುವ ಸಮಿತಿಯಲ್ಲಿ ಕೂತಿದ್ದೆ. ನನ್ನ ಪಾಲಿಗೆ ಬಂದದ್ದು ಎಲ್ಲರೂ ‘ಕ್ರೈಟೀರಿಯಾ ಮೂರು’ ಅಂತ ಕರೆಯುವ ಭಾಗ. ಅಂದರೆ ಸಂಶೋಧನೆ. ಯಾರು ಎಷ್ಟು ಪೇಪರ್ ಬರೆದರು, ಎಷ್ಟು ಪುಸ್ತಕ, ಎಷ್ಟು ಪೇಟೆಂಟ್, ಎಷ್ಟು ಪ್ರಾಜೆಕ್ಟ್ ಹಣ ಬಂತು, ಇದೆಲ್ಲ ಎಕ್ಸೆಲ್ ಹಾಳೆಯಲ್ಲಿ ತುಂಬುವ ಕೆಲಸ.

ಆ ಕೆಲಸದಲ್ಲಿ ನಾನು ಕಂಡದ್ದನ್ನು ನಿಮ್ಮ ಮುಂದಿಡಲು ಈ ಪತ್ರ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಒಂದು ಸಂಸ್ಥೆಯ ಕಡೆ ಬೆರಳು ತೋರಿಸಿದರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಬೇರೆ ಕಾಲೇಜುಗಳಲ್ಲಿ ಇದೇ ಕೆಲಸ ಮಾಡಿದ ಗೆಳೆಯ ಗೆಳತಿಯರನ್ನು ಕೇಳಿದೆ. ಅವರು ಹೇಳಿದ್ದೂ ನನ್ನ ಅನುಭವಕ್ಕಿಂತ ಬೇರೆ ಏನಿಲ್ಲ.

ಈ ಲೆಕ್ಕಕ್ಕೂ ಹಣಕ್ಕೂ ಇರುವ ಸಂಬಂಧ ನಿಮಗೆ ಗೊತ್ತು. ಆದರೆ ಈ ಪತ್ರ ಓದುವ ತಂದೆತಾಯಿಗಳಿಗೆ, ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಅವರಿಗಾಗಿ ಎರಡು ಮಾತು. ನ್ಯಾಕ್ ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ. 1994ರಲ್ಲಿ ಶುರುವಾಯಿತು, ಕಚೇರಿ ಬೆಂಗಳೂರಿನಲ್ಲೇ ಇದೆ. ಅದು 2017ರಲ್ಲಿ ತಂದ ಪದ್ಧತಿಯಲ್ಲಿ ಒಟ್ಟು 1,000 ಅಂಕ. ಅದರಲ್ಲಿ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ಭಾಗಕ್ಕೇ 250, ಸ್ವಾಯತ್ತ ಕಾಲೇಜುಗಳಿಗೆ 150. ಎನ್‌ಐಆರ್‌ಎಫ್ ಕೇಂದ್ರ ಸರ್ಕಾರದ ಶ್ರೇಣಿ ಪಟ್ಟಿ. 2016ರಲ್ಲಿ ಮೊದಲ ಪಟ್ಟಿ ಬಂತು. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಸಂಶೋಧನೆಗೆ ಅಲ್ಲಿ ನೂರಕ್ಕೆ 30ರ ತೂಕ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ನ್ಯಾಕ್‌ನಲ್ಲಿ ನಾಲ್ಕಕ್ಕೆ 3.51 ಬಂದರೆ ವಿಶ್ವವಿದ್ಯಾಲಯ ಮೊದಲ ದರ್ಜೆಗೆ ಸೇರುತ್ತದೆ, 3.50 ಬಂದರೆ ಎರಡನೆಯದಕ್ಕೆ. ಹೊಸ ಕೋರ್ಸ್ ತೆರೆಯುವ ಸ್ವಾತಂತ್ರ್ಯವೂ ಆ ದರ್ಜೆಯ ಮೇಲೆ ನಿಂತಿದೆ. ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಹಣ ಕೊಡುವ ಕೇಂದ್ರದ ಪಿಎಂ-ಉಷಾ ಯೋಜನೆಗೆ 2023-24ರಿಂದ 2025-26ರ ಅವಧಿಗೆ 12,926.10 ಕೋಟಿ ರೂಪಾಯಿ ಇಟ್ಟರು. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಇಂಥ ಯೋಜನೆಗಳಿಗೆ ಅರ್ಜಿ ಹಾಕುವಾಗ ನ್ಯಾಕ್ ಗ್ರೇಡ್ ಏನು ಅಂತ ಕೇಳುತ್ತಾರೆ. ಹಾಗಾಗಿ ಒಂದು ಎಕ್ಸೆಲ್ ಹಾಳೆಯ ಅಂಕಿ ತಪ್ಪಾದರೆ ಅದು ಜನರ ತೆರಿಗೆ ಹಣದ ವಿಷಯ ಆಗುತ್ತದೆ.

ಈಗ ನಾನು ಕಂಡದ್ದು.

ನಮ್ಮಲ್ಲಿ ಪ್ರತಿ ವಿಭಾಗಕ್ಕೂ ಒಂದೊಂದು ಹಾಳೆ ಕಳಿಸುತ್ತಿದ್ದರು. ತುಂಬಿ ಬಂದ ಹಾಳೆಗಳನ್ನು ಕೂಡಿಸಿದರೆ ಸಂಸ್ಥೆಯ ಮೊತ್ತ. ಒಂದು ಪೇಪರ್‌ಗೆ ಮೂವರು ಲೇಖಕರು, ಮೂವರೂ ಮೂರು ವಿಭಾಗದವರು ಅಂದುಕೊಳ್ಳಿ. ಮೂರು ಹಾಳೆಯಲ್ಲೂ ಆ ಪೇಪರ್ ಇರುತ್ತದೆ. ಕೂಡಿಸಿದಾಗ ಒಂದು ಪೇಪರ್ ಮೂರಾಗುತ್ತದೆ. ಇದನ್ನು ತೆಗೆಯಬೇಕು ಅಂತ ನಾನು ಸಭೆಯಲ್ಲಿ ಹೇಳಿದೆ. ‘ಎಲ್ರೂ ಹೀಗೇ ಕೊಡ್ತಾರೆ ಮೇಡಂ, ನಾವು ಮಾತ್ರ ಕಡಿಮೆ ತೋರಿಸಿದ್ರೆ ಹಿಂದೆ ಬೀಳ್ತೀವಿ’ ಅಂದರು. ಹೇಳಿದವರು ಕೆಟ್ಟವರೇನೂ ಆಗಿರಲಿಲ್ಲ. ಕಾಲೇಜಿನ ಬಗ್ಗೆ ಕಾಳಜಿ ಇದ್ದವರೇ. ಅವರ ಹೆದರಿಕೆ ನನಗೆ ಅರ್ಥವಾಯಿತು. ಪಕ್ಕದ ಸಂಸ್ಥೆ ಏನು ಬರೆದಿದೆ ಅಂತ ಗೊತ್ತಿಲ್ಲದಾಗ ಎಲ್ಲರೂ ಜಾಸ್ತಿ ಬರೆಯುವ ಕಡೆಗೇ ವಾಲುತ್ತಾರೆ.

ವರ್ಷದ ಲೆಕ್ಕವೂ ಹೀಗೇ. ಒಂದು ಕಡೆ ಕ್ಯಾಲೆಂಡರ್ ವರ್ಷ ಕೇಳುತ್ತಾರೆ, ಇನ್ನೊಂದು ಕಡೆ ಶೈಕ್ಷಣಿಕ ವರ್ಷ, ಹಣಕ್ಕೆ ಬಂದರೆ ಏಪ್ರಿಲ್‌ನಿಂದ ಮಾರ್ಚ್. ಪೇಪರ್ ಡಿಸೆಂಬರ್‌ನಲ್ಲಿ ಆನ್‌ಲೈನ್ ಬರುತ್ತದೆ, ಮಾರ್ಚ್‌ನಲ್ಲಿ ಸಂಚಿಕೆ ಅಚ್ಚಾಗುತ್ತದೆ. ಎರಡೂ ವರ್ಷದ ಪಟ್ಟಿಯಲ್ಲಿ ಅದು ಕೂತುಬಿಡುತ್ತದೆ.

ಸೆಮಿನಾರ್‌ಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬೆಳಿಗ್ಗೆ ಉದ್ಘಾಟನೆ, ಸಂಜೆ ಸಮಾರೋಪ, ಊಟದ ಹೊತ್ತಿಗೆ ಐಎಸ್‌ಬಿಎನ್ ಸಂಖ್ಯೆ ಇರುವ ದಪ್ಪ ಪುಸ್ತಕ ಬಿಡುಗಡೆ. ಒಳಗಿನ ಒಂದೊಂದು ಲೇಖನವೂ ಲೆಕ್ಕದಲ್ಲಿ ಒಂದೊಂದು ‘ಪುಸ್ತಕದ ಅಧ್ಯಾಯ’. ಅದನ್ನು ಅಚ್ಚಿಗೆ ಮುಂಚೆ ಯಾರೂ ಓದಿ ತಿದ್ದಿರುವುದಿಲ್ಲ.

ಪೇಟೆಂಟ್ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರಿಕೆಗಳಲ್ಲಿ ‘ನಮ್ಮ ಕಾಲೇಜಿಗೆ ಪೇಟೆಂಟ್’ ಅಂತ ಸುದ್ದಿ ಬರುತ್ತದಲ್ಲ, ಅದರಲ್ಲಿ ಎಷ್ಟೋ ಬಾರಿ ಪೇಟೆಂಟ್ ಸಿಕ್ಕಿರುವುದೇ ಇಲ್ಲ. ನಮ್ಮ ದೇಶದ ಕಾನೂನಿನಲ್ಲಿ ಅರ್ಜಿ ಹಾಕಿದ 18 ತಿಂಗಳ ನಂತರ ಅದು ತಾನಾಗಿಯೇ ಪ್ರಕಟವಾಗುತ್ತದೆ. ಬೇಗ ಪ್ರಕಟಿಸಿ ಅಂತ ಬೇರೆ ಫಾರಂ ಕೊಟ್ಟರೆ ಇನ್ನೂ ಮೊದಲೇ ಆಗುತ್ತದೆ. ಪ್ರಕಟವಾಗುವುದು ಅಂದರೆ ಅರ್ಜಿ ಬಂದಿದೆ ಅಂತ ಊರಿಗೆ ಹೇಳುವುದು ಅಷ್ಟೇ. ಪರೀಕ್ಷೆ ಆಮೇಲೆ ನಡೆಯುತ್ತದೆ. ಪೇಟೆಂಟ್ ಸಿಗುವುದೋ ಬಿಡುವುದೋ ಆಗ ಗೊತ್ತಾಗುತ್ತದೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇಕಡ 80ರಷ್ಟು ಇಳಿಸಿದರು. ಒಳ್ಳೆಯ ಉದ್ದೇಶದಿಂದಲೇ ಇಳಿಸಿದ್ದು. ಆದರೆ ಅರ್ಜಿ ಹಾಕಿದರೂ ಒಂದು ಅಂಕಿ ಏರುತ್ತದೆ ಅಂತಾದ ಮೇಲೆ, ಪರೀಕ್ಷೆಯ ತನಕ ಕೊಂಡೊಯ್ಯುವ ಮನಸ್ಸಿಲ್ಲದ ಅರ್ಜಿಗಳೂ ಹೋಗುತ್ತವೆ. ನಾನಿದ್ದ ಸಮಿತಿಯಲ್ಲಿ ಪ್ರಕಟವಾದದ್ದು, ಸಿಕ್ಕಿದ್ದು ಎರಡನ್ನೂ ಕೂಡಿಸಿ ‘ಪೇಟೆಂಟ್‌ಗಳು’ ಅಂತ ಒಂದೇ ಸಾಲಿನಲ್ಲಿ ಬರೆದರು.

ಪ್ರಾಜೆಕ್ಟ್ ಹಣದಲ್ಲೂ ಇದೇ ಗೊಂದಲ. ಮಂಜೂರಾದ ಹಣ ಬೇರೆ, ಕೈಗೆ ಬಂದ ಹಣ ಬೇರೆ. ಮೂರು ವರ್ಷದ ಪ್ರಾಜೆಕ್ಟ್‌ಗೆ ಮಂಜೂರಾತಿ ಪತ್ರದಲ್ಲಿ ಪೂರ್ತಿ ಮೊತ್ತ ಇರುತ್ತದೆ. ಹಣ ಕಂತಿನಲ್ಲಿ ಬರುತ್ತದೆ, ಕೆಲವು ಸಲ ಕೊನೆಯ ಕಂತು ಬರುವುದೇ ಇಲ್ಲ. ಮೂರೂ ವರ್ಷ ಪೂರ್ತಿ ಮೊತ್ತವನ್ನೇ ಬರೆದ ಹಾಳೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ಸಂಸ್ಥೆಗಳು ಸೇರಿ ಮಾಡಿದ ಪ್ರಾಜೆಕ್ಟ್ ಆದರೆ ಎರಡೂ ಕಡೆ ಪೂರ್ತಿ ಹಣ ತಮ್ಮದೇ ಅಂತ ತೋರಿಸುವುದೂ ಉಂಟು. ಹಣಕಾಸು ವಿಭಾಗದ ಲೆಕ್ಕಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು. ಅದರ ಜೊತೆ ತಾಳೆ ನೋಡೋಣ ಅಂದೆ. ಟೈಮ್ ಇಲ್ಲ ಅಂದರು.

ಮಾನ್ಯರೇ, ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಜಾಸ್ತಿ ನೋವು ಕೊಟ್ಟದ್ದು ಅತಿಥಿ ಉಪನ್ಯಾಸಕರ ವಿಷಯ.

ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಅವರ ಹೆಗಲ ಮೇಲೆ ನಿಂತಿವೆ. ಇದು ನಿಮಗೂ ಗೊತ್ತು. ವರ್ಷಕ್ಕೊಮ್ಮೆ ಕೌನ್ಸೆಲಿಂಗ್, ರಜೆಯಲ್ಲಿ ಸಂಬಳ ಇಲ್ಲ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಆತಂಕ. ಇದರ ನಡುವೆಯೂ ಅವರಲ್ಲಿ ಅನೇಕರು ಬರೆಯುತ್ತಾರೆ, ಸಂಶೋಧನೆ ಮಾಡುತ್ತಾರೆ. ಕಾಯಂ ಕೆಲಸ ಸಿಗಲು ಪಬ್ಲಿಕೇಷನ್ ಬೇಕು ಅನ್ನುವುದು ಒಂದು ಕಾರಣ. ವಿಷಯದ ಮೇಲಿನ ಪ್ರೀತಿ ಇನ್ನೊಂದು. ಪ್ರಕಟಣೆಯ ಶುಲ್ಕ ಅವರ ಜೇಬಿನಿಂದಲೇ ಹೋಗುತ್ತದೆ. ಪ್ರಯೋಗಾಲಯದ ರಾಸಾಯನಿಕವನ್ನೂ ಕೆಲವರು ತಾವೇ ಕೊಂಡು ತಂದದ್ದನ್ನು ನೋಡಿದ್ದೇನೆ.

ಮಾಹಿತಿ ತುಂಬುವ ಕಾಲ ಬಂದಾಗ ಇವರ ಪೇಪರ್‌ಗಳೆಲ್ಲ ಪಟ್ಟಿಗೆ ಸೇರುತ್ತಿದ್ದವು. ‘ಒಬ್ಬ ಶಿಕ್ಷಕರಿಗೆ ಸರಾಸರಿ ಎಷ್ಟು ಪೇಪರ್’ ಅನ್ನುವುದು ನ್ಯಾಕ್ ಕೇಳುವ ಲೆಕ್ಕ. ಪೇಪರ್‌ಗಳ ಒಟ್ಟು ಸಂಖ್ಯೆಯನ್ನು ಪೂರ್ಣಾವಧಿ ಶಿಕ್ಷಕರ ಸಂಖ್ಯೆಯಿಂದ ಭಾಗಿಸಬೇಕು. ನಮ್ಮಲ್ಲಿ ಮಾಡಿದ್ದು ಇಷ್ಟು: ಅತಿಥಿ ಉಪನ್ಯಾಸಕರ ಪೇಪರ್‌ಗಳನ್ನು ಮೇಲಿನ ಸಂಖ್ಯೆಗೆ ಸೇರಿಸಿದರು, ಅವರ ತಲೆಗಳನ್ನು ಕೆಳಗಿನ ಸಂಖ್ಯೆಯಿಂದ ಬಿಟ್ಟರು. ಸರಾಸರಿ ತಾನಾಗಿ ಏರಿತು. ಬರೆದವರು ಶಿಕ್ಷಕರಲ್ಲ, ಆದರೆ ಅವರು ಬರೆದದ್ದು ಸಂಸ್ಥೆಯ ಸಂಶೋಧನೆ. ಹೀಗೆ ಯಾವ ಲೆಕ್ಕದ ಪುಸ್ತಕದಲ್ಲಿ ಬರೆದಿದೆ?

ಒಬ್ಬ ಹುಡುಗಿಯ ಕತೆ ಹೇಳಲೇಬೇಕು. ಹೆಸರು ಬೇಡ. ಮಂಡ್ಯದ ಕಡೆಯವಳು. ನಾಲೆ ಬಯಲಿನ ಭತ್ತದ ಗದ್ದೆಗಳಲ್ಲಿ ಬೆಳೆಯುವ ಕಳೆಗಳ ಮೇಲೆ ಕೆಲಸ ಮಾಡಿದಳು. ಯಾವ ಕಳೆ ಯಾವ ತಿಂಗಳು ಜಾಸ್ತಿ, ಯಾವುದಕ್ಕೆ ಔಷಧಿ ಹೊಡೆದರೂ ಜಗ್ಗುವುದಿಲ್ಲ, ಅಂತೆಲ್ಲ ಗದ್ದೆ ಬದುವಿನ ಮೇಲೆ ಓಡಾಡಿ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಎರಡು ಪೇಪರ್ ಬಂದವು. ರೈತರಿಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡಿದಳು. ನಮ್ಮ ಹಾಳೆಯಲ್ಲಿ ಆ ಎರಡು ಪೇಪರ್ ಸೇರಿದವು. ಕೈಪಿಡಿಗೆ ಜಾಗ ಇರಲಿಲ್ಲ. ನ್ಯಾಕ್ ತಂಡ ಭೇಟಿಗೆ ಬರುವ ಹೊತ್ತಿಗೆ ಅವಳು ಆ ಕಾಲೇಜಿನಲ್ಲೇ ಇರಲಿಲ್ಲ, ಕಾರ್ಯಭಾರ ಇಲ್ಲ ಅಂತ ಬಿಡಿಸಿದ್ದರು. ತನ್ನ ಪೇಪರ್ ಆ ಪಟ್ಟಿಯಲ್ಲಿ ಇದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಕೇಳುವುದಂತೂ ದೂರವೇ ಉಳಿಯಿತು.

ನಾನು ಸಮಿತಿಯಲ್ಲಿ ಇದನ್ನು ಲಿಖಿತವಾಗಿ ಕೊಟ್ಟೆ. ಪೇಪರ್ ಸೇರಿಸುವುದಾದರೆ ಅವರನ್ನೂ ಶಿಕ್ಷಕರ ಸಂಖ್ಯೆಗೆ ಸೇರಿಸಿ, ಇಲ್ಲದಿದ್ದರೆ ಎರಡನ್ನೂ ಬಿಡಿ ಅಂತ ಬರೆದೆ. ಉತ್ತರ ಬರಲಿಲ್ಲ.

ಪರಿಶೀಲನೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ನ್ಯಾಕ್‌ನಲ್ಲಿ ಡಿವಿವಿ ಅನ್ನುವ ಹಂತ ಇದೆ. ಕೊಟ್ಟ ಅಂಕಿಗೆ ದಾಖಲೆ ಕೇಳುತ್ತಾರೆ. ಪೇಪರ್‌ನ ಮೊದಲ ಪುಟ, ಲಿಂಕ್, ಮಂಜೂರಾತಿ ಪತ್ರ ಹಾಕಿದರೆ ಮುಗಿಯಿತು. ದಾಖಲೆ ಇದೆಯೇ ಅಂತ ನೋಡುವವರಿಗೆ ಆ ಪೇಪರ್ ಬರೆದವರು ಈಗ ಎಲ್ಲಿದ್ದಾರೆ, ಆ ಹಣದಲ್ಲಿ ಎಷ್ಟು ಬಂತು ಅಂತ ತಿಳಿಯುವುದು ಹೇಗೆ? ಇನ್ನು ಭೇಟಿಗೆ ಬರುವ ತಂಡದ ಮೇಲಿದ್ದ ನಂಬಿಕೆಗೂ ದೊಡ್ಡ ಪೆಟ್ಟು ಬಿದ್ದಿದೆ. 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಹೋಗಿದ್ದ ನ್ಯಾಕ್ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು.

ಸಂಸ್ಥೆಯ ವರದಿ ವೆಬ್‌ಸೈಟಿನಲ್ಲಿ ಇರುತ್ತದೆ ಅನ್ನುವುದೂ ನಿಜ. ನ್ಯಾಕ್ ವರದಿ, ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿ ಎರಡನ್ನೂ ಹಾಕಬೇಕು ಅಂತ ನಿಯಮ ಇದೆ. ಆದರೆ ಅದು ಸಲ್ಲಿಸಿದ ಮೇಲೆ ಬರುತ್ತದೆ. ನೂರಾರು ಪುಟದ ಪಿಡಿಎಫ್, ಬರೀ ಇಂಗ್ಲಿಷ್, ಅರ್ಧ ಲಿಂಕ್ ತೆರೆಯುವುದಿಲ್ಲ. ತಪ್ಪು ಕಂಡರೆ ಯಾರಿಗೆ ಹೇಳಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. ಮಂಡ್ಯದ ಕಬ್ಬು ಬೆಳೆಗಾರರು ಎಷ್ಟೋ ವರ್ಷದಿಂದ ಕೇಳುತ್ತಿರುವುದು ತೂಕ ಆಗುವಾಗ ನಮ್ಮ ಕಣ್ಣೂ ಇರಲಿ ಅಂತ. ಲಾರಿ ಖಾಲಿಯಾದ ಮೇಲೆ ಚೀಟಿ ತೋರಿಸಿದರೆ ಅವರು ಏನು ಮಾಡಬೇಕು? ಇಲ್ಲಿಯೂ ಹಾಗೇ, ತೂಕದ ಹೊತ್ತಿಗೇ ಜನರ ಕಣ್ಣು ಬೇಕು.

ಇದನ್ನು ಈಗಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ ಅದಕ್ಕೊಂದು ಕಾರಣ ಇದೆ. ಯುಜಿಸಿ ತನ್ನ ಅನುಮೋದಿತ ಜರ್ನಲ್‌ಗಳ ಪಟ್ಟಿ ಮಾಡಿದ್ದು ನೆನಪಿರಬಹುದು. ಅದಕ್ಕೆ ವಿಶ್ವವಿದ್ಯಾಲಯಗಳಿಂದಲೇ ಹೆಸರು ತರಿಸಿಕೊಂಡಿದ್ದರು. ಹಾಗೆ ವಿಶ್ವವಿದ್ಯಾಲಯಗಳು ಸೂಚಿಸಿದ್ದ 1,009 ಜರ್ನಲ್‌ಗಳನ್ನು ಆರಿಸಿ ಪರೀಕ್ಷಿಸಿದ ಒಂದು ಅಧ್ಯಯನ 2018ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅವುಗಳಲ್ಲಿ ಸುಮಾರು ಶೇಕಡ 88 ಪಟ್ಟಿಯಲ್ಲಿರಲು ಯೋಗ್ಯವಲ್ಲ ಅಂತ ಆ ಅಧ್ಯಯನ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಆಮೇಲೆ 2019ರಲ್ಲಿ ಯುಜಿಸಿ-ಕೇರ್ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸುತ್ತೇವೆ ಅಂದರು. ಈಗ ಯಾವ ಜರ್ನಲ್ ಒಳ್ಳೆಯದು, ಯಾವುದು ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುತ್ತದೆ ಅಂತ ವಿಶ್ವವಿದ್ಯಾಲಯಗಳೇ ತೀರ್ಮಾನಿಸಬೇಕು. ದೆಹಲಿಯ ಪಟ್ಟಿಗೆ ಕಾಯುವ ಕಾಲ ಹೋಯಿತು. ಒಳ್ಳೆಯದೇ. ಆದರೆ ಹೆಸರು ಸೂಚಿಸುವ ಕೆಲಸದಲ್ಲಿ ಒಮ್ಮೆ ಎಡವಿದ ಸಂಸ್ಥೆಗಳಿಗೆ ಈಗ ಪೂರ್ತಿ ಜವಾಬ್ದಾರಿ ಬಂದಿದೆ. ಅವುಗಳ ಮೇಲೆ ಜನರ ಕಣ್ಣಿಲ್ಲದಿದ್ದರೆ ಮತ್ತೆ ಅದೇ ಆಗುತ್ತದೆ.

ಪಿಎಚ್‌ಡಿ ವಿದ್ಯಾರ್ಥಿಗಳ ವಿಷಯದಲ್ಲಿ ಯುಜಿಸಿ ಒಂದು ಸರಿಯಾದ ಹೆಜ್ಜೆ ಇಟ್ಟಿದೆ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವನ್ನು 2022ರ ನಿಯಮದಲ್ಲಿ ತೆಗೆದರು. ಎನ್‌ಐಆರ್‌ಎಫ್ ಕೂಡ ಪ್ರಕಟವಾದ ಮೇಲೆ ಹಿಂತೆಗೆದ ಪೇಪರ್‌ಗಳಿಗೆ ಅಂಕ ಕಳೆಯುವ ಕ್ರಮಕ್ಕೆ ಕೈಹಾಕಿದೆ. ಬದಲಾವಣೆ ಆಗುತ್ತದೆ ಅನ್ನುವ ಧೈರ್ಯ ನನಗೆ ಬಂದದ್ದು ಇವುಗಳಿಂದ.

ಬೇರೆ ದೇಶಗಳೂ ಈ ದಾರಿಯಲ್ಲಿ ನಡೆದು ಪಾಠ ಕಲಿತಿವೆ. ಆಸ್ಟ್ರೇಲಿಯಾದಲ್ಲಿ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಸಂಶೋಧನೆಗೆ ಬಂದ ಹಣದ ಲೆಕ್ಕವನ್ನು ಸರ್ಕಾರಕ್ಕೆ ಕೊಡುತ್ತವೆ. ಸರ್ಕಾರದ ಸಂಶೋಧನಾ ಅನುದಾನ ಆ ಲೆಕ್ಕವನ್ನು ಅವಲಂಬಿಸಿದೆ. ಅಲ್ಲಿ ಮಂಜೂರಾದ ಹಣಕ್ಕೆ ಬೆಲೆ ಇಲ್ಲ, ಆ ವರ್ಷ ನಿಜವಾಗಿ ಬಂದದ್ದನ್ನೇ ಬರೆಯಬೇಕು. ಬೇರೆ ಸಂಸ್ಥೆಗೆ ಹಂಚಿದ ಪಾಲನ್ನು ಕಳೆಯಬೇಕು. ಲೆಕ್ಕಪರಿಶೋಧನೆಯೂ ಇದೆ. ಮೊದಲು ಪೇಪರ್‌ಗಳ ಸಂಖ್ಯೆಯನ್ನೂ ಅದೇ ಲೆಕ್ಕದಲ್ಲಿ ಕೇಳುತ್ತಿದ್ದರು. ಸಂಖ್ಯೆಗೆ ಹಣ ಕಟ್ಟಿದ ಮೇಲೆ ಪೇಪರ್‌ಗಳು ಏರಿದವು, ಆದರೆ ಏರಿದ್ದು ಹೆಚ್ಚಾಗಿ ಕಡಿಮೆ ಪ್ರಭಾವದ ಜರ್ನಲ್‌ಗಳಲ್ಲಿ ಅಂತ ಅಲ್ಲಿನ ಸಂಶೋಧಕರೇ ತೋರಿಸಿದರು. ಆ ಮಾತಿನ ಮೇಲೆ ಚರ್ಚೆ ಇನ್ನೂ ಇದೆ. ಕೊನೆಗೆ 2016ರ ಹೊತ್ತಿಗೆ ಸರ್ಕಾರ ಪೇಪರ್ ಎಣಿಕೆಯನ್ನೇ ಆ ಲೆಕ್ಕದಿಂದ ಕೈಬಿಟ್ಟಿತು.

ಬ್ರಿಟನ್ ದಾರಿ ಬೇರೆ. ಅಲ್ಲಿ ರಾಶಿ ಹಾಕಲು ಬಿಡುವುದಿಲ್ಲ. ಅಲ್ಲಿನ ಸಂಶೋಧನಾ ಮೌಲ್ಯಮಾಪನದ 2021ರ ಸುತ್ತಿನಲ್ಲಿ ಒಬ್ಬ ಸಂಶೋಧಕರಿಗೆ ಸರಾಸರಿ ಎರಡೂವರೆ ಕೃತಿ, ಯಾರಿಗೂ ಐದಕ್ಕಿಂತ ಜಾಸ್ತಿ ಇಲ್ಲ. ಅದನ್ನು ಆಯಾ ವಿಷಯದ ತಜ್ಞರ ಸಮಿತಿ ಮೌಲ್ಯಮಾಪನ ಮಾಡಿತು. ಅಂಕದ ಶೇಕಡ 25ನ್ನು ಸಂಶೋಧನೆಯಿಂದ ಸಮಾಜಕ್ಕೆ ಏನಾಯಿತು ಅನ್ನುವುದಕ್ಕೆ ಇಟ್ಟರು. ಯಾವ ವಿಶ್ವವಿದ್ಯಾಲಯ ಯಾವ ಲೇಖನ ಕೊಟ್ಟಿತು, ಸಮಾಜಕ್ಕೆ ಆದ ಉಪಯೋಗದ ಬಗ್ಗೆ ಏನು ಬರೆಯಿತು ಅಂತ ಮೈಸೂರಿನಲ್ಲಿ ಕೂತು ನಾನೂ ಓದಬಹುದು. ಅಲ್ಲಿನ ಪದ್ಧತಿಗೂ ಟೀಕೆಗಳಿವೆ, ಅದನ್ನು ಹಾಗೇ ತನ್ನಿ ಅಂತ ನಾನು ಹೇಳುತ್ತಿಲ್ಲ. ಲಂಡನ್ನಿನ ಲೆಕ್ಕ ಮೈಸೂರಿಗೆ ಕಾಣುತ್ತದೆ, ಮೈಸೂರಿನ ಲೆಕ್ಕ ಮೈಸೂರಿಗೆ ಕಾಣಬೇಡವೇ?

ಸಮಾಜಕ್ಕೆ ಏನಾಯಿತು ಅನ್ನುವ ಮಾತು ಬಂದಾಗ ನನಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೆನಪಾಗುತ್ತದೆ. ಅಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಹಳೇ ಮೈಸೂರಿನ ಎಷ್ಟೋ ಮನೆಗಳ ಮುದ್ದೆ ಆ ತಳಿಗಳಿಂದ ಬಂದದ್ದು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಇಂಥ ಕೆಲಸಕ್ಕೆ ಇವತ್ತಿನ ಹಾಳೆಯಲ್ಲಿ ಸರಿಯಾದ ಕಾಲಂ ಇಲ್ಲ. ಒಂದು ತಳಿಗೆ ಹಲವು ವರ್ಷ ಬೇಕು, ಪೇಪರ್ ಎಣಿಕೆ ವರ್ಷ ವರ್ಷ ಕೇಳುತ್ತದೆ.

ಕನ್ನಡದ ಕೆಲಸಕ್ಕಂತೂ ಇನ್ನೂ ಕಷ್ಟ. ಎನ್‌ಐಆರ್‌ಎಫ್ ಪೇಪರ್ ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನುವ ಎರಡು ದತ್ತಾಂಶ ಕೋಶಗಳಿಂದ. ಅಲ್ಲಿ ಕನ್ನಡದ ವಿದ್ವತ್ ಪತ್ರಿಕೆ ಹುಡುಕಿದರೆ ಏನು ಸಿಕ್ಕೀತು? ಶಾಸನ ಓದುವವರು, ಹಸ್ತಪ್ರತಿ ಸಂಪಾದಿಸುವವರು, ಜಾನಪದ ಸಂಗ್ರಹಿಸುವವರು, ನಿಘಂಟು ಮಾಡುವವರು ಹತ್ತಾರು ವರ್ಷ ಕೂತು ಒಂದು ಸಂಪುಟ ತರುತ್ತಾರೆ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದದ್ದು, ಬ್ರಿಟಿಷ್ ಆಳ್ವಿಕೆಯ ಹೊರಗೆ ದೇಶದಲ್ಲೇ ಮೊದಲನೆಯದು. ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಕೊಡಿಸಿ, ಅದನ್ನು ಪುಟ್ಟ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಕೊಟ್ಟ ವಿಶ್ವವಿದ್ಯಾಲಯ ಅದು. ವಿಜ್ಞಾನವನ್ನು ನಾನು ಮೊದಲು ಕನ್ನಡದಲ್ಲಿ ಓದಿದ್ದು ಅಂಥ ಪುಸ್ತಕಗಳಲ್ಲೇ. ಅವುಗಳನ್ನು ಬರೆಯುವವರಿಗೆ ಇವತ್ತು ‘ಇದಕ್ಕೆ ಪಾಯಿಂಟ್ ಇಲ್ಲ, ಸುಮ್ನೆ ಟೈಮ್ ವೇಸ್ಟ್’ ಅಂತ ಬುದ್ಧಿ ಹೇಳುತ್ತಾರೆ. ಕಿರಿಯ ಅಧ್ಯಾಪಕರು ಅದನ್ನು ಕೇಳಿ ಬರೆಯುವುದನ್ನೇ ಬಿಟ್ಟಿದ್ದಾರೆ. ಈ ನಷ್ಟ ಯಾವ ಹಾಳೆಯಲ್ಲೂ ಕಾಣಿಸುವುದಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ. ನ್ಯಾಕ್, ಎನ್‌ಐಆರ್‌ಎಫ್ ಅಥವಾ ರಾಜ್ಯದ ಯಾವುದೇ ಅನುದಾನಕ್ಕೆ ಸಂಶೋಧನಾ ಮಾಹಿತಿ ಸಲ್ಲಿಸುವ 30 ದಿನ ಮೊದಲು, ಆ ಪೂರ್ತಿ ಪಟ್ಟಿಯನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ನಿಮ್ಮ ಇಲಾಖೆ ಆದೇಶ ಹೊರಡಿಸಲಿ. ಮೊತ್ತ ಮಾತ್ರ ಸಾಲದು. ಒಂದೊಂದು ಪೇಪರ್‌ನ ಹೆಸರು, ಬರೆದವರು, ಜರ್ನಲ್, ಡಿಒಐ ಸಂಖ್ಯೆ (ಪೇಪರ್ ಒಂದೊಂದಕ್ಕೂ ಕೊಡುವ ಗುರುತಿನ ಸಂಖ್ಯೆ), ಎಲ್ಲ ಇರಲಿ. ಹುಡುಕಲು ಬರುವಂಥ ಪಟ್ಟಿಯಾಗಿರಲಿ, ಕನ್ನಡದಲ್ಲೂ ಇರಲಿ. ತಪ್ಪು ಕಂಡವರು ಹೇಳಲು ಒಂದು ವಿಳಾಸ ಕೊಡಿ, ಬಂದ ಆಕ್ಷೇಪಕ್ಕೆ ಕೊಟ್ಟ ಉತ್ತರವೂ ಅಲ್ಲೇ ಇರಲಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4 ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕು ಅನ್ನುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳೂ ಆ ಸಾಲಿನಲ್ಲೇ ಬರುತ್ತವೆ.

ಪಟ್ಟಿಯಲ್ಲಿ ಹೆಸರಿರುವ ಪ್ರತಿ ಲೇಖಕರ ಒಪ್ಪಿಗೆ ಪಡೆಯಬೇಕು. ಕೆಲಸ ಬಿಟ್ಟು ಹೋದವರಿಗೂ ಒಂದು ಇಮೇಲ್ ಕಳಿಸುವುದು ಕಷ್ಟದ ಮಾತಲ್ಲ. ಒಂದು ಡಿಒಐ ಸಂಸ್ಥೆಯಲ್ಲಿ ಒಮ್ಮೆ ಮಾತ್ರ ಎಣಿಕೆಯಾಗಲಿ. ಇದನ್ನು ಕಂಪ್ಯೂಟರ್ ಒಂದು ನಿಮಿಷದಲ್ಲಿ ಮಾಡುತ್ತದೆ.

ಅತಿಥಿ ಉಪನ್ಯಾಸಕರ ಪೇಪರ್ ತೆಗೆದುಕೊಂಡರೆ ಅವರ ಹೆಸರನ್ನೂ ಶಿಕ್ಷಕರ ಸಂಖ್ಯೆಗೆ ತೆಗೆದುಕೊಳ್ಳಿ. ರಾಜ್ಯದ ಸಂಶೋಧನಾ ಅನುದಾನಕ್ಕೆ ಅವರೂ ಅರ್ಜಿ ಹಾಕುವಂತೆ ಮಾಡಿ. ಅವರ ಪೇಪರ್‌ನಿಂದ ಸಂಸ್ಥೆಗೆ ಅಂಕ ಬಂದಿದ್ದರೆ, ಆ ಮಾತನ್ನು ಬರೆದು ಪ್ರಮಾಣಪತ್ರ ಕೊಡಿ. ಮುಂದಿನ ಕೌನ್ಸೆಲಿಂಗ್‌ನಲ್ಲಿ ಅದಕ್ಕೆ ಬೆಲೆ ಇರಲಿ.

ಹಣದ ಕಾಲಂನಲ್ಲಿ ಆ ವರ್ಷ ಬ್ಯಾಂಕಿಗೆ ಬಂದ ಮೊತ್ತ ಮಾತ್ರ ಇರಲಿ, ಹಣಕಾಸು ಅಧಿಕಾರಿಯ ಸಹಿ ಇರಲಿ. ಸಿಕ್ಕಿದ ಪೇಟೆಂಟ್ ಬೇರೆ ಸಾಲು, ಅರ್ಜಿ ಬೇರೆ ಸಾಲು.

ರಾಜ್ಯ ತನ್ನದೇ ಹಣ ಕೊಡುವಾಗ ದೆಹಲಿಯ ಕಾಲಂಗಳಿಗೆ ಕಟ್ಟುಬೀಳಬೇಕಿಲ್ಲ. ಕನ್ನಡದ ವಿದ್ವತ್ ಕೆಲಸ, ರೈತರಿಗೆ, ಆಸ್ಪತ್ರೆಗೆ, ಶಾಲೆಗೆ ಉಪಯೋಗವಾದ ಕೆಲಸ, ಇವಕ್ಕೆ ಒಂದು ಭಾಗ ಇಡಿ. ಅದನ್ನು ಎಣಿಸಬೇಡಿ, ವಿಷಯ ಬಲ್ಲವರ ಕೈಲಿ ಓದಿಸಿ.

ಕೊನೆಯದಾಗಿ, ಪ್ರತಿ ವರ್ಷ ಕೆಲವು ಸಂಸ್ಥೆಗಳನ್ನು ಚೀಟಿ ಎತ್ತಿ ಆರಿಸಿ, ಅವುಗಳ ಲೆಕ್ಕವನ್ನು ಹೊರಗಿನವರಿಂದ ಪೂರ್ತಿ ಪರಿಶೀಲಿಸಿ, ಫಲಿತಾಂಶ ಪ್ರಕಟಿಸಿ. ತಪ್ಪು ಸಿಕ್ಕರೆ ಹಾಳೆ ತುಂಬಿದ ಕಿರಿಯ ಅಧ್ಯಾಪಕರನ್ನೋ ಗುಮಾಸ್ತರನ್ನೋ ಹಿಡಿಯಬೇಡಿ. ಪರೀಕ್ಷೆ, ಪಾಠ, ಮೌಲ್ಯಮಾಪನದ ಮಧ್ಯೆ ರಾತ್ರಿ ಹೊತ್ತು ಕೂತು ಈ ಕೆಲಸ ಮಾಡುವವರು ಅವರು. ಸಂಸ್ಥೆಯ ಮುಖ್ಯಸ್ಥರ ಸಹಿ ಕೆಳಗಿರುತ್ತದೆ, ಉತ್ತರವನ್ನೂ ಅವರೇ ಕೊಡಲಿ. ತಪ್ಪನ್ನು ತಾವಾಗಿ ಒಪ್ಪಿ ತಿದ್ದಿದ ಸಂಸ್ಥೆಗೆ ಶಿಕ್ಷೆ ಬೇಡ. ಸರಿಯಾದ ಲೆಕ್ಕ ಕೊಟ್ಟು ಅಂಕ ಕಡಿಮೆಯಾದ ಕಾಲೇಜಿನ ಅನುದಾನವನ್ನು ಒಂದೆರಡು ವರ್ಷ ಕಡಿಮೆ ಮಾಡಬೇಡಿ. ಇಲ್ಲದಿದ್ದರೆ ಪ್ರಾಮಾಣಿಕವಾಗಿ ಬರೆಯಲು ಯಾರಿಗೆ ಧೈರ್ಯ ಬರುತ್ತದೆ?

ಕುಲಪತಿಗಳಿಗೆ ಒಂದು ಮಾತು. ಸರ್ಕಾರದ ಆದೇಶಕ್ಕೆ ನೀವು ಕಾಯಬೇಕಿಲ್ಲ. ಮೈಸೂರಿನಲ್ಲೋ ಮಂಡ್ಯದಲ್ಲೋ ಒಂದು ವಿಶ್ವವಿದ್ಯಾಲಯ ಈ ವರ್ಷವೇ ತನ್ನ ಪಟ್ಟಿಯನ್ನು ಮೊದಲೇ ಹೊರಗಿಡಬಹುದು. ಪರಿಶೀಲನೆಗೆ ಕೈಜೋಡಿಸಲು ನಮ್ಮಂಥ ನಿವೃತ್ತ ಅಧ್ಯಾಪಕರು ಈ ಎರಡು ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ಸಂಭಾವನೆ ಬೇಡ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಪ್ರಧಾನ ಕಾರ್ಯದರ್ಶಿಗಳೇ, ಸಮಿತಿಗೆ ನಾನು ಕೊಟ್ಟಿದ್ದ ಟಿಪ್ಪಣಿಯ ಪ್ರತಿ ನನ್ನ ಬಳಿ ಇದೆ. ನೀವು ಕರೆದರೆ ತಂದು ತೋರಿಸುತ್ತೇನೆ. ಮುಂದಿನ ಸಾಲಿನ ಮಾಹಿತಿ ಕೇಳಿ ಸುತ್ತೋಲೆ ಹೊರಡುವ ಮೊದಲು ಒಂದು ಸಭೆ ಕರೆಯಿರಿ. ಆ ಸಭೆಗೆ ಕುಲಪತಿಗಳು, ಪ್ರಾಂಶುಪಾಲರ ಜೊತೆ ಅತಿಥಿ ಉಪನ್ಯಾಸಕರ ಪ್ರತಿನಿಧಿಗಳನ್ನೂ ಸಂಶೋಧನಾ ವಿದ್ಯಾರ್ಥಿಗಳನ್ನೂ ಕರೆಯಿರಿ ಅಂತ ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ,
ಮೈಸೂರು